ಗುರುಮಲ್ಲಣ್ಣ ಮತ್ತು ಹಿತ್ತಾಳೆ ತುಂಡು

ನಿಂಬೆಹಣ್ಣು ಕೊಳ್ಳುವಾಗ ಗುರುಮಲ್ಲಣ್ಣ ಅದನ್ನು ಒತ್ತಿ ನೋಡುತ್ತಿರಲಿಲ್ಲ, ಮೂಸಿಯೂ ನೋಡುತ್ತಿರಲಿಲ್ಲ. ಒಂದೇ ಗಾತ್ರದ ಎರಡು ಹಣ್ಣು ಆರಿಸಿ ಎರಡು ಅಂಗೈಗಳಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಕೈಗಳನ್ನು ತುಸು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಖಾಕಿ ಅಂಗಿ, ಮುಚ್ಚಿದ ಕಣ್ಣು. ದೂರದಿಂದ ನೋಡಿದವರಿಗೆ ಯಾರೋ ತಳ್ಳುಗಾಡಿಯ ಮುಂದೆ ನಿಂತು ಧ್ಯಾನ ಮಾಡುತ್ತಿದ್ದಾರೆ ಅನ್ನಿಸಬೇಕು. ಭಾರವಾದದ್ದು ಅವರ ಚೀಲಕ್ಕೆ ಹೋಗುತ್ತಿತ್ತು, ಹಗುರವಾದದ್ದು ಗಾಡಿಗೆ ಮರಳುತ್ತಿತ್ತು. ಕಾಲೇಜಿನ ಗೇಟಿನ ಬಳಿ ತರಕಾರಿ ಮಾರುತ್ತಿದ್ದ ಹೆಂಗಸು, ಇವರು ಬಂದು ಹೋದ ಮೇಲೆ ನನ್ನ ಗಾಡಿಯಲ್ಲಿ ಬರೀ ಸಿಪ್ಪೆಯೇ ಉಳಿಯುತ್ತದೆ ಎಂದು ನನ್ನ ಹತ್ತಿರ ದೂರುತ್ತಿದ್ದಳು. ದೂರಿನಲ್ಲಿ ಅರ್ಧ ಮೆಚ್ಚುಗೆಯೂ ಇರುತ್ತಿತ್ತು.

ಅವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಮೈಸೂರಿನ ಒಂದು ಹೆಣ್ಣುಮಕ್ಕಳ ಪದವಿಪೂರ್ವ ಕಾಲೇಜು. ನಾನು ಎಂ.ಎಸ್ಸಿ. ಮುಗಿಸಿ ನೇರವಾಗಿ ಅಲ್ಲಿಗೆ ಉಪನ್ಯಾಸಕಿಯಾಗಿ ಸೇರಿದಾಗ ನನಗೆ ಇಪ್ಪತ್ನಾಲ್ಕು, ಅವರಿಗೆ ಐವತ್ತು ದಾಟಿತ್ತು. ದಾಖಲೆಯಲ್ಲಿ ಹೆಸರು ಗುರುಮಲ್ಲಪ್ಪ ಎಂದಿದ್ದರೂ ಪ್ರಿನ್ಸಿಪಾಲರಿಂದ ಹಿಡಿದು ಮಕ್ಕಳವರೆಗೆ ಎಲ್ಲರಿಗೂ ಗುರುಮಲ್ಲಣ್ಣ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಅವರ ತಂದೆ ಒಂದು ಮಠದ ಉಗ್ರಾಣದಲ್ಲಿ ದಾಸೋಹಕ್ಕೆ ಅಕ್ಕಿ, ಬೇಳೆ ಅಳೆದು ಕೊಡುತ್ತಿದ್ದವರು. ಮಗ ಆ ಸೇರು, ಪಾವುಗಳ ನಡುವೆ ಬೆಳೆದಿದ್ದರು. ಅಳತೆಯ ವಿಷಯದಲ್ಲಿ ನಾನು ಪುಸ್ತಕದಿಂದ ಕಲಿತದ್ದನ್ನು ಅವರು ಕೈಯಿಂದ ಕಲಿತಿದ್ದರು ಎಂಬುದು ನನಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ನಾನು ತೆಗೆದುಕೊಂಡ ಮೊದಲ ಪ್ರಾಯೋಗಿಕ ತರಗತಿ ಘನವಸ್ತುಗಳ ಸಾಂದ್ರತೆಯದು. ಒಂದು ಕಲ್ಲಿನ ಚೂರನ್ನು ತೂಗಬೇಕು, ಅಳತೆ ಜಾಡಿಯ ನೀರಿನಲ್ಲಿ ಮುಳುಗಿಸಿ ನೀರು ಎಷ್ಟು ಏರಿತೆಂದು ನೋಡಬೇಕು, ತೂಕವನ್ನು ಆ ಏರಿಕೆಯಿಂದ ಭಾಗಿಸಬೇಕು. ಇದರಲ್ಲಿ ತಪ್ಪಾಗುವುದಕ್ಕೆ ಏನಿದೆ ಎಂದುಕೊಂಡಿದ್ದೆ. ಒಂದೇ ಬಂಡೆಯಿಂದ ಒಡೆದ ಚೂರುಗಳು ಅವು. ಎಲ್ಲರಿಗೂ ಹೆಚ್ಚುಕಡಿಮೆ ಎರಡು ಪಾಯಿಂಟ್ ಏಳು ಬರಬೇಕಿತ್ತು. ಒಬ್ಬಳಿಗೆ ಎರಡೂವರೆ ಬಂತು, ಇನ್ನೊಬ್ಬಳಿಗೆ ಮೂರು ದಾಟಿತು. ನಾನು ಒಬ್ಬೊಬ್ಬರ ಭಾಗಾಕಾರವನ್ನೂ ತಿದ್ದಲು ಕೂತೆ. ಎಲ್ಲರ ಭಾಗಾಕಾರವೂ ಸರಿಯಾಗಿತ್ತು.

ಬಟ್ಟೆಯಿಂದ ಮೇಜು ಒರೆಸುತ್ತಿದ್ದ ಗುರುಮಲ್ಲಣ್ಣ ನನ್ನ ಪಕ್ಕಕ್ಕೆ ಬಂದು, ಮಕ್ಕಳಿಗೆ ಕೇಳಿಸದ ಹಾಗೆ ಹೇಳಿದರು.

"ಲೆಕ್ಕ ಸರಿಯಾಗೇ ಮಾಡವ್ರೆ ಮೇಡಂ. ಕಲ್ಲು ಇಳಿಸಿರದು ಸರಿಯಿಲ್ಲ."

ಆಮೇಲೆ ನೋಡಿದೆ. ಒಬ್ಬಳು ಕಲ್ಲನ್ನು ಜಾಡಿಗೆ ದೊಪ್ಪನೆ ಬಿಟ್ಟು ನೀರು ಚಿಮ್ಮಿಸಿದ್ದಳು. ಇನ್ನೊಬ್ಬಳ ಕಲ್ಲಿಗೆ ಸುತ್ತಲೂ ಗಾಳಿಯ ಗುಳ್ಳೆಗಳು ಅಂಟಿಕೊಂಡಿದ್ದವು. ಗುರುಮಲ್ಲಣ್ಣ ತೆಳ್ಳನೆಯ ದಾರಕ್ಕೆ ಕಲ್ಲು ಕಟ್ಟಿ, ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ನಿಧಾನವಾಗಿ ಇಳಿಸಿ, ಜಾಡಿಯ ಮೈಯನ್ನು ಬೆರಳಿನಿಂದ ತಟ್ಟಿದರು. ಗುಳ್ಳೆಗಳು ಒಂದೊಂದಾಗಿ ಮೇಲೆದ್ದು ಹೋದವು. ಗುಳ್ಳೆಯೂ ಕಲ್ಲಿನ ಜೊತೆ ಸೇರಿಕೊಂಡು ಜಾಗ ಹಿಡಿದಿರುತ್ತದೆ, ಅದನ್ನು ಕಳಿಸಿಬಿಟ್ಟು ಆಮೇಲೆ ಅಳೆಯಬೇಕು ಎಂದರು. ಅಳೆದಾಗ ಎರಡು ಪಾಯಿಂಟ್ ಏಳು ಬಂತು.

ಸಾಂದ್ರತೆ ಎಂದರೇನೆಂದು ನಾನು ಎರಡು ದಿನ ಬೋರ್ಡಿನ ಮೇಲೆ ಬರೆದು ಹೇಳಿದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದೂ ಅದೇ ವಾರ. ಹುಡುಗಿಯೊಬ್ಬಳು, ದೊಡ್ಡದಾಗಿದ್ದರೆ ಭಾರವೂ ಇರಬೇಕಲ್ಲ ಅಣ್ಣ ಎಂದು ಕೇಳಿದ್ದಳು. "ಒಂದು ಸೇರು ಕಡ್ಲೆಪುರಿ ತಗೋ, ಒಂದು ಸೇರು ಅಕ್ಕಿ ತಗೋ. ಸೇರು ಒಂದೇ ತಾನೆ? ತಲೆ ಮ್ಯಾಲೆ ಒತ್ಕಂಡು ಸಂತೇಪೇಟೆಯಿಂದ ಮನೆಗಂಟ ನಡಿ. ಆವಾಗ ಗೊತ್ತಾಯ್ತದೆ." ಅಂದಿನಿಂದ ನಾನೂ ತರಗತಿಯಲ್ಲಿ ಪುರಿ, ಅಕ್ಕಿಯಿಂದಲೇ ಶುರು ಮಾಡುತ್ತೇನೆ.

ಇಷ್ಟು ಬಲ್ಲ ಮನುಷ್ಯನಲ್ಲಿ ಒಂದು ದೌರ್ಬಲ್ಯವಿತ್ತು. ಮಕ್ಕಳು ಅತ್ತರೆ ಅವರಿಗೆ ತಡೆಯುತ್ತಿರಲಿಲ್ಲ. ವಾರ್ಷಿಕ ಪ್ರಾಯೋಗಿಕ ಪರೀಕ್ಷೆಯ ದಿನ ಬೇರೆ ಕಾಲೇಜಿನಿಂದ ಪರೀಕ್ಷಕರು ಬರುತ್ತಿದ್ದರು. ಹುಡುಗಿಯರು ಅಳುಮೋರೆ ಮಾಡಿಕೊಂಡು ಸ್ಕ್ರೂ ಗೇಜ್ ತಿರುಗಿಸುತ್ತ ನಿಂತಿರುತ್ತಿದ್ದರು. ಗುರುಮಲ್ಲಣ್ಣ ಒದ್ದೆ ಬಟ್ಟೆ ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತ, ತಲೆ ಎತ್ತದೆ, ತುಟಿ ಅಲ್ಲಾಡಿಸದೆ, ಬರಬೇಕಾದ ಉತ್ತರವನ್ನು ಉಸುರಿಬಿಡುತ್ತಿದ್ದರು. ಕಬ್ಬಿಣ ಏಳು ಎಂಟು. ಅಲ್ಯುಮಿನಿಯಂ ಎರಡು ಏಳು. ಹಿತ್ತಾಳೆ ಎಂಟು ನಾಲ್ಕು. ಹಕಾರ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಹಿತ್ತಾಳೆಯನ್ನು "ಇತ್ತಾಳೆ" ಎನ್ನುತ್ತಿದ್ದರು. ಇದು ಎಲ್ಲ ಉಪನ್ಯಾಸಕರಿಗೂ ಗೊತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ಮಕ್ಕಳು ಪಾಸಾಗುತ್ತಿದ್ದರು, ಕಾಲೇಜಿಗೆ ಒಳ್ಳೆಯ ಹೆಸರಿತ್ತು. ನಾನೂ ಸುಮ್ಮನಿದ್ದವಳೇ.

ನಾನು ಸೇರಿದ ನಾಲ್ಕನೇ ವರ್ಷ ನಸೀಮಾ ಎಂಬ ಹುಡುಗಿ ಆ ಪರೀಕ್ಷೆಗೆ ಕೂತಳು. ಮಾತು ಕಡಿಮೆ, ಹಟ ಜಾಸ್ತಿ. ಅವಳ ಪಾಲಿಗೆ ಬಂದದ್ದು ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಉರುಳೆ. ವರ್ನಿಯರ್ ಹಿಡಿದು ಅದರ ಉದ್ದ, ವ್ಯಾಸ ಅಳೆದು ಗಾತ್ರ ಲೆಕ್ಕ ಹಾಕಬೇಕು, ತೂಗಬೇಕು, ಸಾಂದ್ರತೆ ಬರೆಯಬೇಕು. ಗುರುಮಲ್ಲಣ್ಣ ಎಂದಿನಂತೆ ಅವಳ ಮೇಜು ಒರೆಸಿ ಎಂಟು ನಾಲ್ಕು ಎಂದು ಉಸುರಿದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಉತ್ತರ ಪತ್ರಿಕೆಯಲ್ಲಿ ಏಳು ಪಾಯಿಂಟ್ ಎರಡು ಎಂದು ಬರೆದಳು.

ಪರೀಕ್ಷಕರು ಕೆಟ್ಟವರಲ್ಲ. ಆದರೆ ಬೆಳಗ್ಗಿನಿಂದ ಅರವತ್ತು ಪತ್ರಿಕೆ ನೋಡಿದ್ದರು. ಏಳು ಎರಡನ್ನು ಕಂಡೊಡನೆ ಕೆಂಪು ಗೆರೆ ಎಳೆದು, ಹಿತ್ತಾಳೆಗೆ ಇಷ್ಟು ಕಡಿಮೆ ಬರುವುದಕ್ಕೆ ಸಾಧ್ಯವೇ ಇಲ್ಲ, ಅಳತೆಯೇ ತಪ್ಪು ಎಂದರು. ಉತ್ತರದ ಅಂಕಗಳ ಜೊತೆ ಅಳತೆಗಳಿಗಿದ್ದ ಅಂಕಗಳನ್ನೂ ಹೊಡೆದುಹಾಕಿದರು. ನಸೀಮಾ, ನನಗೆ ಬಂದಿದ್ದು ಇದೇ ಸರ್ ಎಂದಳು. ಅವರು ಆಂತರಿಕ ಪರೀಕ್ಷಕಿಯಾಗಿದ್ದ ನನ್ನ ಕಡೆ ನೋಡಿದರು. ನಾನು ಹೌದೆನ್ನುವಂತೆ ತಲೆಯಾಡಿಸಿದೆ. ಹಿತ್ತಾಳೆ ಎಂದರೆ ಎಂಟು ನಾಲ್ಕು ಎಂದು ನನಗೂ ಗೊತ್ತಿತ್ತಲ್ಲ. ಹುಡುಗಿಯ ಕಣ್ಣು ತುಂಬಿತು, ಆದರೆ ಅವಳು ಅಲ್ಲಿಂದ ಕದಲಲಿಲ್ಲ.

ಗುರುಮಲ್ಲಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟು ಮುಂದೆ ಬಂದರು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಅವರು ಹೊರಗಿನ ಪರೀಕ್ಷಕರೊಬ್ಬರಿಗೆ ಎದುರು ಮಾತಾಡಿದ್ದು ಅದೇ ಮೊದಲಿರಬೇಕು.

"ತಪ್ಪು ತಿಳ್ಕಬ್ಯಾಡಿ ಸಾರ್. ತುಂಡು ಇಲ್ಲೇ ಅದೆ, ತಕ್ಕಡಿ ಇಲ್ಲೇ ಅದೆ. ಒಂದ್ಸಲ ತಾವೇ ತೂಗ್ಬುಡಿ."

ಪರೀಕ್ಷಕರು ನೀವು ಯಾರು ಎಂದು ಕೇಳಿದರು. ಅಟೆಂಡರ್ರು ಸಾರ್ ಎಂದರು ಗುರುಮಲ್ಲಣ್ಣ. ಅಟೆಂಡರಿಗೆ ಇಲ್ಲಿ ಮಾತಾಡುವ ಅಧಿಕಾರವಿಲ್ಲ, ಪ್ರಿನ್ಸಿಪಾಲರಿಗೆ ಬರೆದು ಕೊಡಬೇಕಾಗುತ್ತದೆ ಎಂದರು ಪರೀಕ್ಷಕರು. ಬರೆದು ಕೊಡಿ, ಆದರೆ ತೂಗಿ ಕೊಡಿ ಎಂದರು ಗುರುಮಲ್ಲಣ್ಣ. ಅವರ ಧ್ವನಿ ಏರಿರಲಿಲ್ಲ. ತಲೆಯಾಡಿಸಿ ಸುಮ್ಮನಿದ್ದ ನನಗೂ ಆಗ ಬಾಯಿ ಬಂತು. ಒಮ್ಮೆ ನೋಡಿಬಿಡೋಣ ಸರ್ ಎಂದೆ.

ಪರೀಕ್ಷಕರು ತಾವೇ ತೂಗಿದರು, ತಾವೇ ಅಳೆದರು. ಲೆಕ್ಕ ಮುಗಿಸಿ ಪೆನ್ನು ಕೆಳಗಿಟ್ಟರು. ಏಳು ಪಾಯಿಂಟ್ ಎರಡು. ಇನ್ನೊಮ್ಮೆ ಅಳೆದರು. ಅದೇ ಬಂತು. ಕೆಂಪು ಗೆರೆಯ ಪಕ್ಕದಲ್ಲಿ ಸಹಿ ಹಾಕಿ ಅಷ್ಟೂ ಅಂಕ ಕೊಟ್ಟು, ನಸೀಮಾಳಿಗೆ ಒಳ್ಳೆಯ ಕೆಲಸ ಮಾಡಿದೆಯಮ್ಮ ಎಂದರು. ಹೋಗುವಾಗ ಗುರುಮಲ್ಲಣ್ಣನ ಹತ್ತಿರ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಅಂದಾಜು ಸಾರ್ ಎಂದಷ್ಟೇ ಹೇಳಿದರು ಗುರುಮಲ್ಲಣ್ಣ.

ಮಾರನೆಯ ದಿನ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಆ ಉರುಳೆಯನ್ನು ಗರಗಸದಲ್ಲಿ ಕೊಯ್ದೆವು. ನಡುವೆ ಗೋಲಿಯಷ್ಟು ದೊಡ್ಡ ಪೊಳ್ಳು. ಎರಕ ಹೊಯ್ಯುವಾಗಲೇ ಗಾಳಿ ಸಿಕ್ಕಿಕೊಂಡಿತ್ತು. ಹೊರಗೆ ಒಂದು ಗೀರೂ ಇರಲಿಲ್ಲ, ಕನ್ನಡಿಯಂತೆ ಹೊಳೆಯುತ್ತಿತ್ತು. ನನಗೆ ಖುಷಿಯೋ ಖುಷಿ. ಮಕ್ಕಳಿಗೆಲ್ಲ ತೋರಿಸಬೇಕೆಂದು ಎದ್ದೆ. ಗುರುಮಲ್ಲಣ್ಣ ಮಾತ್ರ ಎರಡು ಹೋಳುಗಳನ್ನು ನೋಡುತ್ತ ಸ್ಟೂಲಿನ ಮೇಲೆ ಕೂತುಬಿಟ್ಟರು. ತಲೆನೋವು ಎಂದು ಹೇಳಿ ಮಧ್ಯಾಹ್ನವೇ ಮನೆಗೆ ಹೋದರು.

ಎರಡು ದಿನ ಬಿಟ್ಟು, ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ಅವರೇ ವಿಷಯ ತೆಗೆದರು. ನಾನು ಆ ಕಾಲೇಜಿಗೆ ಬರುವುದಕ್ಕೆ ಐದಾರು ವರ್ಷ ಮುಂಚೆ ಭಾಗ್ಯ ಎಂಬ ಹುಡುಗಿಗೆ ಪರೀಕ್ಷೆಯಲ್ಲಿ ಇದೇ ಉರುಳೆ ಸಿಕ್ಕಿತ್ತಂತೆ. ಅವಳಿಗೂ ಏಳು ಚಿಲ್ಲರೆಯೇ ಬಂದಿತ್ತಂತೆ. ಅವಳು ಗಾಬರಿಯಾಗಿ ಇವರ ಮುಖ ನೋಡಿದಳು. ಇವರು ಎಂಟು ನಾಲ್ಕು ಎಂದು ಉಸುರಿದರು. ಅವಳು ಬರೆಯಲಿಲ್ಲ. ಇವರು ಇನ್ನೊಂದು ಸುತ್ತು ಬಂದು, ಹಟ ಮಾಡಬೇಡ ಮಗಾ, ನೀನು ಅಳೆದಿದ್ದು ತಪ್ಪು, ಅಳಿಸಿ ಬರಿ ಎಂದು ಗದರಿದರು. ಅವಳು ಅಳಿಸಿ ಬರೆದಳು, ತೂಕವನ್ನೂ ಉತ್ತರಕ್ಕೆ ಹೊಂದುವಂತೆ ತಿದ್ದಿದಳು. ಪಾಸಾದಳು. ಮುಂದೆ ವಿಜ್ಞಾನ ಓದಲಿಲ್ಲವೆಂದು ಯಾರೋ ಹೇಳಿದ್ದನ್ನು ಮಾತ್ರ ಇವರು ಕೇಳಿದ್ದರು.

ಗೊತ್ತಿಲ್ಲದೆ ಆದದ್ದಲ್ಲವೇ, ನೀವು ಒಳ್ಳೆಯದಕ್ಕೇ ಹೇಳಿದಿರಿ ಎಂದೆ. ಅವರು ಒಪ್ಪಲಿಲ್ಲ.

"ಗೊತ್ತಿತ್ತು ಕಣಮ್ಮ." ಅವರು ನನ್ನನ್ನು ಮೇಡಂ ಎನ್ನದೆ ಮಾತಾಡಿದ್ದು ಅದೊಂದೇ ಸಲ. "ದಿನಾ ಬೀರುವಿಂದ ತಗ್ದು ಇಡೋನು ನಾನು. ಆ ತುಂಡು ಅಗುರ ಅದೆ ಅಂತ ಈ ಕೈ ಯಾವತ್ತೋ ಏಳಿತ್ತು. ರಿಜಿಸ್ಟರ್‌ನಾಗೆ ಇತ್ತಾಳೆ ಅಂತ ಬರ್ದದೆ, ಪುಸ್ತಕದಾಗೆ ಎಂಟು ನಾಲ್ಕು ಅಂತ ಅದೆ. ಓದ್ದೋರಿಗಿಂತ ನನ್ನ ಕೈ ದೊಡ್ಡದಾ ಅಂದ್ಕಂಡು ಸುಮ್ಕಾಗ್ಬುಟ್ಟೆ. ನಾನು ಸುಮ್ಕಾಗಿದ್ದು ನನ್ನ ಕರ್ಮ. ಆ ಮಗೂ ಕೈಲಿ ಯಾಕೆ ಅಳಿಸ್ಬೇಕಿತ್ತು?"

ಪರೀಕ್ಷಕರ ಮುಂದೆ ತಲೆಯಾಡಿಸಿದವಳು ನಾನೂ ಅಲ್ಲವೇ.

ಮುಂದಿನ ವರ್ಷದಿಂದ ಗುರುಮಲ್ಲಣ್ಣ ಉತ್ತರ ಉಸುರುವುದನ್ನು ನಿಲ್ಲಿಸಿದರು. ಹುಡುಗಿಯರಿಗೆ ಸಿಟ್ಟು ಬಂತು. ಅಕ್ಕಂದಿರ ಕಾಲದಲ್ಲಿ ಹೇಳುತ್ತಿದ್ದ ಅಣ್ಣನಿಗೆ ಈಗ ಏನಾಯಿತು ಎಂದು ಗೊಣಗಿದರು. ಒಬ್ಬ ಉಪನ್ಯಾಸಕರು ನನ್ನನ್ನೇ ಕರೆದು, ನೀವೇ ಅವರ ತಲೆ ಕೆಡಿಸಿದಿರಿ ಎಂದು ಆಕ್ಷೇಪಿಸಿದರು. ಗುರುಮಲ್ಲಣ್ಣ ಯಾರೊಂದಿಗೂ ವಾದ ಮಾಡಲಿಲ್ಲ. ಊಟದ ಬಿಡುವಿನಲ್ಲಿ ಲ್ಯಾಬಿನ ಬಾಗಿಲು ತೆರೆದಿಡಲು ಶುರು ಮಾಡಿದರು. ಬುತ್ತಿ ಬಿಚ್ಚುವ ಮೊದಲು ಬಂದವರಿಗೆ ತಕ್ಕಡಿ ಹಿಡಿಯುವುದು, ದಾರ ಕಟ್ಟುವುದು, ನೀರಿನ ಮಟ್ಟಕ್ಕೆ ಕಣ್ಣು ತಂದು ಓದುವುದು, ಎಲ್ಲವನ್ನೂ ಮಾಡಿಸುತ್ತಿದ್ದರು. ಮೊದಮೊದಲು ಇಬ್ಬರು ಮೂವರು ಬರುತ್ತಿದ್ದರು. ಆಮೇಲೆ ಸಾಲು ನಿಲ್ಲುವಂತಾಯಿತು. ಯಾರಾದರೂ, ಉತ್ತರ ಎಷ್ಟು ಬರಬೇಕಣ್ಣ ಎಂದು ಕೇಳಿದರೆ, ನಿನಗೆ ಎಷ್ಟು ಬಂತೋ ಅಷ್ಟು ಬರಬೇಕು ಎನ್ನುತ್ತಿದ್ದರು.

ಅವರು ನಿವೃತ್ತರಾದ ಮೇಲೆ ಶ್ರೀರಾಂಪುರದಲ್ಲಿ ಮಗನ ಮನೆಯಲ್ಲಿದ್ದರು. ಮಗ ಅಲ್ಲೇ ಹತ್ತಿರ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿದ್ದರು. ಹಬ್ಬಹುಣ್ಣಿಮೆಗೆ ನಾನು ಹೋಗಿ ಬರುತ್ತಿದ್ದೆ. ಹೋದ ವರ್ಷ ಅವರಿಗೆ ಶ್ವಾಸಕೋಶದ ತೊಂದರೆ ಜಾಸ್ತಿಯಾಯಿತು. ಹಾಸಿಗೆಯಿಂದ ಕುರ್ಚಿಗೆ ಬಂದು ಕೂರುವಷ್ಟರಲ್ಲಿ ಏದುಸಿರು. ಹಾಗೆ ಕೂತಾಗ ಒಂದು ದಿನ, ಭಾಗ್ಯ ಎಲ್ಲಿದ್ದಾಳೆಂದು ಗೊತ್ತಾದೀತೇ ಎಂದು ಕೇಳಿದರು. ತಾವೂ ಎರಡು ಮೂರು ಕಡೆ ವಿಚಾರಿಸಿ ಸೋತಿದ್ದರಂತೆ. ಅವಳ ಅಳತೆ ಸರಿಯಿತ್ತು ಎಂದು ಒಂದು ಮಾತು ಹೇಳಬೇಕಿತ್ತು ಎಂದರು.

ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪೊಂದಿತ್ತು. ಅದರಲ್ಲಿ ಕೇಳಿದೆ. ಒಬ್ಬಳಿಂದ ಇನ್ನೊಬ್ಬಳಿಗೆ ದಾಟಿ ಹದಿನೈದು ದಿನದಲ್ಲಿ ಸುದ್ದಿ ಬಂತು. ಭಾಗ್ಯ ದಟ್ಟಗಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ನಡೆಸುತ್ತಿದ್ದಳು. ಹೋದೆ. ನಲವತ್ತು ದಾಟಿದ, ಕುತ್ತಿಗೆಗೆ ಟೇಪು ಹಾಕಿಕೊಂಡ, ನಗುಮುಖದ ಹೆಂಗಸು. ಒಳಗೆ ಕೆಲಸಕ್ಕಿದ್ದ ಇಬ್ಬರು ಹೆಣ್ಣುಮಕ್ಕಳು ಮಿಷನ್ನಿನ ಮುಂದೆ ಕೂತಿದ್ದರು. ನಾನು ಬಂದ ಕಾರಣ ಹೇಳಿದೆ. ಹಿತ್ತಾಳೆ ಉರುಳೆ, ಪೊಳ್ಳು, ಏಳು ಎರಡು, ಎಲ್ಲವನ್ನೂ ಹೇಳಿದೆ. ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ಅದೆಲ್ಲ ನನಗೆ ನೆನಪೇ ಇಲ್ಲ ಮೇಡಂ, ನಾನು ಓದಿನಲ್ಲಿ ಅಷ್ಟಕ್ಕಷ್ಟೆ, ಬಿ.ಎಸ್ಸಿ.ಗೆ ಸೇರು ಎಂದು ಅಪ್ಪ ಹೇಳಿದರೂ ನನಗೇ ಧೈರ್ಯ ಬರಲಿಲ್ಲ ಎಂದಳು. ಗುರುಮಲ್ಲಣ್ಣನಿಗೆ ಹುಷಾರಿಲ್ಲ ಎಂದಾಗ ಮಾತ್ರ ಎದ್ದು ನಿಂತಳು. ಭಾನುವಾರ ಅಂಗಡಿ ರಜೆ, ನಾನೂ ಬರುತ್ತೇನೆ ಎಂದಳು.

ಭಾನುವಾರ ನನ್ನ ಸ್ಕೂಟರಿನಲ್ಲೇ ಇಬ್ಬರೂ ಹೋದೆವು. ಗುರುಮಲ್ಲಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕೆನ್ನೆ ಬತ್ತಿತ್ತು, ವಿಭೂತಿ ಮಾತ್ರ ಎಂದಿನಂತೆ ಇತ್ತು. ಭಾಗ್ಯ ಕಾಲುಮುಟ್ಟಿ ನಮಸ್ಕರಿಸಿ ನೆಲದ ಮೇಲೆಯೇ ಕೂತಳು. ಅವರಿಗೆ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಸಿಕ್ಕಿದ ಮೇಲೆ ಅವರು ಏನೋ ಹೇಳಲು ಹೊರಟರು, ಕೆಮ್ಮು ಬಂತು, ನಿಲ್ಲಿಸಿದರು. ಅವರ ಹೆಂಡತಿ ನೀರು ಕೊಟ್ಟು ಒಳಗೆ ಹೋದರು. ಆಗ ಭಾಗ್ಯಳೇ ತಲೆ ತಗ್ಗಿಸಿಕೊಂಡು ಹೇಳಿದಳು.

"ನಾನು ಮೂರು ಸಲ ಅಳೆದಿದ್ದೆ ಅಣ್ಣ. ಮೂರು ಸಲಾನೂ ಅಷ್ಟೇ ಬಂದಿತ್ತು."

ಗುರುಮಲ್ಲಣ್ಣ ಅವಳನ್ನೇ ನೋಡುತ್ತಿದ್ದರು.

"ಗೊತ್ತು ಕಣವ್ವ," ಎಂದರು. "ನಾನು ಇಂದೆ ನಿಂತ್ಕಂಡು ನೋಡ್ತಾ ಇದ್ದೆ. ನೀನು ಸರಿಯಾಗೇ ಅಳ್ದಿದ್ದೆ. ನಾನೇ ತಪ್ಪು ಮಾಡ್ಬುಟ್ಟೆ."

ಭಾಗ್ಯ ಸೆರಗಿನಿಂದ ಮುಖ ಒರೆಸಿಕೊಂಡಳು. ಹೋಗಲಿ ಬಿಡಿ ಎಂದು ಅವಳು ಹೇಳಬಹುದೆಂದುಕೊಂಡಿದ್ದೆ. ಹೇಳಲಿಲ್ಲ. ಅವರೂ ಅದನ್ನು ನಿರೀಕ್ಷಿಸಿದಂತಿರಲಿಲ್ಲ. ಅವಳು ಅವರ ಜಾರಿದ ಶಾಲನ್ನು ಸರಿಪಡಿಸಿ, ಉಸಿರಾಟಕ್ಕೆ ಯಾವ ಔಷಧಿ ಕೊಡುತ್ತಿದ್ದಾರೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದೆಲ್ಲ ವಿಚಾರಿಸಿದಳು. ಅವರು ಅವಳ ಮಕ್ಕಳ ಬಗ್ಗೆ ಕೇಳಿದರು. ದೊಡ್ಡವಳು ಒಂಬತ್ತನೇ ತರಗತಿ ಎಂದಾಗ, ಒಳ್ಳೇದಾಗಲಿ ಎಂದು ಕೈ ಎತ್ತಿದರು. ಕಾಫಿ ಕುಡಿದು ಎದ್ದೆವು.

ಹಿಂದಿರುಗಿ ಭಾಗ್ಯಳ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಅವಳು ಇಳಿದು, ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು.

"ಏಳು ಎರಡಲ್ಲ ಮೇಡಂ. ಏಳು ಪಾಯಿಂಟ್ ಒಂದು ಎಂಟು ಬಂದಿತ್ತು ನನಗೆ. ಅಣ್ಣನಿಗೆ ಹೇಳಿ."

ಮುಂದಿನ ಭಾನುವಾರ ಹೋದಾಗ ಹೇಳಿದರಾಯಿತು ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಗುರುಮಲ್ಲಣ್ಣನ ಮಗ ಫೋನ್ ಮಾಡಿ, ಅಪ್ಪ ರಾತ್ರಿ ತೀರಿಕೊಂಡರು ಎಂದರು.